ಇಂಗ್ಲಿಷ್ ಬಹುವಚನಕ್ಕೆ ಅಪಾಸ್ಟ್ರಫಿ ಯಾವಾಗ? ಎಡಗಡೆ ಬಿಟ್ಟು ಬಲಗಡೆ ನೋಡಿ

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಶಾಲೆಯ ನೋಟಿಸು, ಪತ್ರ ಎಲ್ಲಾ ನನ್ನ ತಲೆಗೇ ಬರುತ್ತೆ. “ಸ್ಟೂಡೆಂಟ್ಸ್” ಅನ್ನೋ ಬಹುವಚನ ಒಂಟಿಯಾಗಿ ಬಂದಾಗ ಅಪಾಸ್ಟ್ರಫಿ ಎಲ್ಲಿ ಹಾಕಬೇಕು ಅಂತ ಗೊತ್ತು. ಆದರೆ ಅದರ ಎಡಗಡೆ ವಿಶೇಷಣ ಬಂದರೆ (“ಆಲ್ ದ ನ್ಯೂ ಸ್ಟೂಡೆಂಟ್ಸ್ ಬುಕ್ಸ್”), ಇಲ್ಲಾ ಪ್ರೆಪೊಸಿಷನ್ ಬಂದರೆ (“ಅಬೌಟ್ ದ ಸ್ಟೂಡೆಂಟ್ಸ್”, “ಎ ಫ್ರೆಂಡ್ ಆಫ್ ಮೈ ಪೇರೆಂಟ್ಸ್”, “ಆಫ್ಟರ್ ಟೂ ವೀಕ್ಸ್ ಲೀವ್”) ಕೈ ತಡೆಯುತ್ತೆ. ಒಬ್ಬ ಸಹೋದ್ಯೋಗಿ “ಆಫ್ ಬಂದರೆ ಅಪಾಸ್ಟ್ರಫಿ ಬೇಡ” ಅಂತಾರೆ. ಇನ್ನೊಬ್ಬರು “ಪ್ರೆಪೊಸಿಷನ್ ಆದಮೇಲೆ ಹಾಕಲೇಬೇಕು” ಅಂತಾರೆ. ಯಾರದು ಸರಿ?

ಉತ್ತರ: ಇಬ್ಬರದೂ ಸರಿಯಲ್ಲ. ಅಪಾಸ್ಟ್ರಫಿ ಬರಬೇಕೋ ಬೇಡವೋ ಅಂತ ಹೇಳುವ ಅಧಿಕಾರ ವಿಶೇಷಣಕ್ಕೂ ಇಲ್ಲ, ಪ್ರೆಪೊಸಿಷನ್‌ಗೂ ಇಲ್ಲ. ನಾಮಪದದ ಎಡಗಡೆ “ಆಲ್” ಇರಲಿ, “ನ್ಯೂ” ಇರಲಿ, “ಅಬೌಟ್”, “ಫಾರ್”, “ವಿತ್” ಏನೇ ಇರಲಿ, ತೀರ್ಮಾನ ಆಗೋದು ಬಲಗಡೆ. ಆ ನಾಮಪದದ ಬಲಕ್ಕೆ ಅದಕ್ಕೆ ಸೇರಿದ ಇನ್ನೊಂದು ನಾಮಪದ ಇದೆಯಾ ನೋಡಿ. ಇದ್ದರೆ ಅಪಾಸ್ಟ್ರಫಿ ಹಾಕಿ, ಇಲ್ಲದಿದ್ದರೆ ಬೇಡ. ಇದಕ್ಕೆ ಎರಡು ಮೂರು ಕಡೆ ಮಾತ್ರ ಸ್ವಲ್ಪ ಯೋಚನೆ ಬೇಕು, ಅದನ್ನ ಕೆಳಗೆ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಸಣ್ಣ ಒಪ್ಪಂದ ಮಾಡಿಕೊಳ್ಳೋಣ, ಯಾಕಂದ್ರೆ ಇಲ್ಲಿ ಇಂಗ್ಲಿಷ್ ಮಾತುಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. “ಸ್ಟೂಡೆಂಟ್’ಸ್” ಅಂತ ಬರೆದರೆ ಅಪಾಸ್ಟ್ರಫಿ ಎಸ್‌ಗಿಂತ ಮುಂಚೆ ಇದೆ ಅಂತ ಅರ್ಥ, ಒಬ್ಬ ವಿದ್ಯಾರ್ಥಿಯದು. “ಸ್ಟೂಡೆಂಟ್ಸ್’” ಅಂತ ಬರೆದರೆ ಎಸ್ ಆದಮೇಲೆ ಇದೆ, ಹಲವರದು. “ಸ್ಟೂಡೆಂಟ್ಸ್” ಅಂತ ಬಿಟ್ಟರೆ ಸುಮ್ನೆ ಬಹುವಚನ, ಯಾರದೂ ಏನೂ ಇಲ್ಲ. ಬಾಯಲ್ಲಿ ಮೂರೂ ಒಂದೇ ಥರ ಕೇಳಿಸುತ್ತವೆ. ಕಷ್ಟ ಹುಟ್ಟೋದೇ ಅಲ್ಲಿಂದ. ಇಂಗ್ಲಿಷ್ ಮನೆಮಾತಾಗಿರುವವರೂ ಇದರಲ್ಲಿ ದಿನಾ ತಪ್ಪುತ್ತಾರೆ, ಯಾಕಂದ್ರೆ ಕಿವಿ ಅವರಿಗೂ ಸಹಾಯಕ್ಕೆ ಬರಲ್ಲ. ಹಾಗಾಗಿ ಇದನ್ನ ಕಣ್ಣಿಂದ, ಅರ್ಥದಿಂದಲೇ ಹಿಡಿಯಬೇಕು.

ಕನ್ನಡದವರಿಗೆ ಪ್ರೆಪೊಸಿಷನ್ ಬಂದಾಗಲೇ ಕೈ ತಡೆಯೋಕೆ ಬೇರೆ ಕಾರಣವೂ ಇದೆ. ನಾವು “ವಿದ್ಯಾರ್ಥಿಗಳ ಪುಸ್ತಕ” ಅಂತೀವಿ. “ವಿದ್ಯಾರ್ಥಿಗಳ ಬಗ್ಗೆ” ಅಂತಲೂ ಅಂತೀವಿ. ಎರಡರಲ್ಲೂ “ವಿದ್ಯಾರ್ಥಿಗಳ”, ಅದೇ ಷಷ್ಠಿ ವಿಭಕ್ತಿ. “ಪೋಷಕರ ಜೊತೆ”, “ಮಕ್ಕಳ ಮೇಲೆ”, “ರೈತರ ಪರವಾಗಿ”, “ಶಿಕ್ಷಕರ ಹತ್ತಿರ”, ಎಲ್ಲಾ ಕಡೆ ಷಷ್ಠಿಯೇ. ಅಂದರೆ ನಮ್ಮ ಷಷ್ಠಿ ಎರಡು ಕೆಲಸ ಮಾಡುತ್ತೆ. ಒಂದು, ಯಾರದು ಅಂತ ಹೇಳೋದು. ಇನ್ನೊಂದು, “ಬಗ್ಗೆ”, “ಜೊತೆ”, “ಮೇಲೆ” ಇಂಥ ಮಾತುಗಳಿಗೆ ನಾಮಪದವನ್ನ ಕಟ್ಟೋದು. ಇಂಗ್ಲಿಷಿನ ಅಪಾಸ್ಟ್ರಫಿ ಮಾಡೋದು ಮೊದಲನೇ ಕೆಲಸ ಮಾತ್ರ. ಎರಡನೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಯಾವ ಪ್ರತ್ಯಯವೂ ಬೇಕಿಲ್ಲ, ಪ್ರೆಪೊಸಿಷನ್ ಪಕ್ಕ ನಾಮಪದವನ್ನ ಹಾಗೇ ಇಟ್ಟರೆ ಆಯ್ತು. “ವಿದ್ಯಾರ್ಥಿಗಳ ಬಗ್ಗೆ” ಅಂತ ತಲೆಯಲ್ಲಿ ಇಟ್ಟುಕೊಂಡು ಇಂಗ್ಲಿಷ್ ಬರೆಯುವವರ ಕೈ ತಾನಾಗಿಯೇ “ಅಬೌಟ್ ದ ಸ್ಟೂಡೆಂಟ್ಸ್’” ಅಂತ ಒಂದು ಅಪಾಸ್ಟ್ರಫಿ ಸೇರಿಸಿಬಿಡುತ್ತೆ. ನಿಮ್ಮ ಎರಡನೇ ಸಹೋದ್ಯೋಗಿ ಹೇಳಿದ “ನಿಯಮ” ಹುಟ್ಟಿದ್ದೂ ಬಹುಶಃ ಹೀಗೇ. ಇಂಗ್ಲಿಷಿನಲ್ಲಿ ಅಂಥ ನಿಯಮ ಇಲ್ಲವೇ ಇಲ್ಲ.

ಹಾಗಾದರೆ ಗುರುತಿಸೋದು ಹೇಗೆ? ನಾನು ಮಕ್ಕಳಿಗೂ ಶಿಕ್ಷಕರಿಗೂ ಹೇಳಿಕೊಡೋದು ಸರ್ವನಾಮದ ಪರೀಕ್ಷೆ. ಸಂಶಯ ಬಂದ ನಾಮಪದ ತೆಗೆದು ಆ ಜಾಗದಲ್ಲಿ “ದೆಮ್” ಇಟ್ಟು ನೋಡಿ, “ದೇರ್” (“ಅವರ” ಅನ್ನೋ ಅರ್ಥದ್ದು) ಇಟ್ಟು ನೋಡಿ. “ದೆಮ್” ಹೊಂದಿದರೆ ಅಪಾಸ್ಟ್ರಫಿ ಬೇಡ. “ದೇರ್” ಹೊಂದಿದರೆ ಬೇಕು. “ಅಬೌಟ್ ದ ಸ್ಟೂಡೆಂಟ್ಸ್” ತೆಗೆದುಕೊಳ್ಳಿ. “ಅಬೌಟ್ ದೆಮ್” ಸರಿ ಕೇಳಿಸುತ್ತೆ, “ಅಬೌಟ್ ದೇರ್” ಅಂದರೆ ಮಾತು ಅರ್ಧಕ್ಕೆ ನಿಂತಂತಾಗುತ್ತೆ. ಹಾಗಾಗಿ ಬರೀ ಬಹುವಚನ. ಅದೇ “ಅಬೌಟ್ ದ ಸ್ಟೂಡೆಂಟ್ಸ್’ ಮಾರ್ಕ್ಸ್” ಅಂದರೆ “ಅಬೌಟ್ ದೇರ್ ಮಾರ್ಕ್ಸ್”, ಇಲ್ಲಿ ಬೇಕು. ಪ್ರೆಪೊಸಿಷನ್ ಎರಡರಲ್ಲೂ ಅದೇ “ಅಬೌಟ್”. ಬದಲಾಗಿದ್ದು ಬಲಗಡೆ ಬಂದ “ಮಾರ್ಕ್ಸ್” ಮಾತ್ರ.

ಒಂದು ಉದ್ದ ವಾಕ್ಯವನ್ನೇ ಬಿಡಿಸೋಣ, ಶಾಲೆಯ ನೋಟಿಸಿನಲ್ಲಿ ಬರುವಂಥದ್ದು: “ಎ ಮೀಟಿಂಗ್ ವಿತ್ ದ ಎಸ್‌ಎಸ್‌ಎಲ್‌ಸಿ ಸ್ಟೂಡೆಂಟ್ಸ್’ ಪೇರೆಂಟ್ಸ್ ಅಬೌಟ್ ದ ಸ್ಟೂಡೆಂಟ್ಸ್’ ಪ್ರಿಪರೇಷನ್ ವಿಲ್ ಬಿ ಹೆಲ್ಡ್ ಇನ್ ದ ಟೀಚರ್ಸ್’ ರೂಮ್.” ಎಸ್‌ನಿಂದ ಮುಗಿಯುವ ಬಹುವಚನ ಇಲ್ಲಿ ನಾಲ್ಕು ಸಲ ಬಂದಿದೆ. ಮೊದಲ “ಸ್ಟೂಡೆಂಟ್ಸ್” ಬಲಕ್ಕೆ “ಪೇರೆಂಟ್ಸ್” ಇದೆ, ಅವರ ಪೋಷಕರು, ಬೇಕು. “ಪೇರೆಂಟ್ಸ್” ಬಲಕ್ಕೆ ಇರೋದು “ಅಬೌಟ್”, ಅದು ನಾಮಪದವೇ ಅಲ್ಲ, ಬೇಡ. “ವಿತ್ ದೆಮ್” ಅಂತ ಇಟ್ಟು ನೋಡಿ, ಸರಿಯಾಗಿ ಕೂರುತ್ತೆ. ಎರಡನೇ “ಸ್ಟೂಡೆಂಟ್ಸ್” ಬಲಕ್ಕೆ “ಪ್ರಿಪರೇಷನ್”, ಅವರ ತಯಾರಿ, ಬೇಕು. “ಟೀಚರ್ಸ್” ಬಲಕ್ಕೆ “ರೂಮ್”, ಬೇಕು. ಇಷ್ಟರಲ್ಲಿ “ವಿತ್”, “ಅಬೌಟ್”, “ಇನ್” ಮೂರೂ ಬಂದು ಹೋದವು. ಅಪಾಸ್ಟ್ರಫಿ ಎಲ್ಲಿ ಹಾಕಬೇಕು ಅನ್ನೋ ಲೆಕ್ಕದಲ್ಲಿ ಅವುಗಳ ಹೆಸರೇ ಬರಲಿಲ್ಲ.

ಈಗ ನಿಮ್ಮ ಸಹೋದ್ಯೋಗಿ ಹೇಳಿದ “ಆಫ್” ವಿಷಯ. ಅವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜ ಇದೆ. “ದ ಬುಕ್ಸ್ ಆಫ್ ದ ಸ್ಟೂಡೆಂಟ್ಸ್” ಅಂದಾಗ ಯಾರದು ಅನ್ನೋದನ್ನ “ಆಫ್” ಹೇಳಿಯಾಯ್ತು, ಮತ್ತೆ ಅಪಾಸ್ಟ್ರಫಿ ಬೇಡ. ಆದರೆ “ಆಫ್” ಇದ್ದ ಮಾತ್ರಕ್ಕೆ ಬೇಡ ಅಂತ ಹೇಳೋಕೆ ಬರಲ್ಲ. “ದ ಕ್ವಾಲಿಟಿ ಆಫ್ ದ ಸ್ಟೂಡೆಂಟ್ಸ್’ ಬುಕ್ಸ್” ನೋಡಿ, “ಆಫ್” ಪಕ್ಕದಲ್ಲೇ ಇದೆ, ಆದರೂ ಬಲಗಡೆ “ಬುಕ್ಸ್” ಇರೋದರಿಂದ ಅಪಾಸ್ಟ್ರಫಿ ಬೇಕೇ ಬೇಕು.

“ಎ ಫ್ರೆಂಡ್ ಆಫ್ ಮೈ ಪೇರೆಂಟ್ಸ್” ಮಾತ್ರ ಬೇರೆ ಕಥೆ. ಇಲ್ಲಿ “ಪೇರೆಂಟ್ಸ್” ಅಂತ ಬರೆದರೂ ಸರಿ, “ಪೇರೆಂಟ್ಸ್’” ಅಂತ ಅಪಾಸ್ಟ್ರಫಿ ಹಾಕಿದರೂ ಸರಿ. ಒಳ್ಳೆಯ ಬರಹಗಾರರು ಎರಡನ್ನೂ ಬರೆಯುತ್ತಾರೆ. “ಆಫ್” ಬಂದಮೇಲೂ ಅಪಾಸ್ಟ್ರಫಿ ಯಾಕೆ ಅಂತ ಕೇಳಿದರೆ, ಸರ್ವನಾಮವನ್ನೇ ನೋಡಿ. “ಎ ಫ್ರೆಂಡ್ ಆಫ್ ಮೈನ್” ಅಂತೀವಿ, “ಎ ಫ್ರೆಂಡ್ ಆಫ್ ಮಿ” ಅಂತ ಯಾರೂ ಹೇಳಲ್ಲ. “ಎ ಫ್ರೆಂಡ್ ಆಫ್ ದೇರ್ಸ್” ಅಂತೀವಿ, “ಆಫ್ ದೆಮ್” ಅನ್ನಲ್ಲ. ಅಂದರೆ ಇಲ್ಲಿ ಒಡೆತನ ಎರಡು ಸಲ ಬರುತ್ತೆ, ಒಮ್ಮೆ “ಆಫ್” ರೂಪದಲ್ಲಿ, ಇನ್ನೊಮ್ಮೆ ಷಷ್ಠಿಯ ರೂಪದಲ್ಲಿ. ಸರ್ವನಾಮ ಆದರೆ ಇದು ಕಡ್ಡಾಯ. ನಾಮಪದ ಆದರೆ ಬರೆಯುವವರ ಇಷ್ಟ. ಗೆಳೆಯ, ನೆಂಟ, ವಿದ್ಯಾರ್ಥಿ ಇಂಥ ಸಂಬಂಧ ಹೇಳುವಾಗ ಅಪಾಸ್ಟ್ರಫಿ ಇಲ್ಲದೆ ಬಿಡೋದೇ ನನಗೆ ಚಂದ ಕಾಣುತ್ತೆ. ಓದುವವರಿಗೆ ಅನುಮಾನ ಬರಲ್ಲ, ಕಣ್ಣಿಗೂ ಹಗುರ.

ಆದರೆ ಫೋಟೋ, ಚಿತ್ರ, ಕಥೆ ಅಂಥ ಕಡೆ ಹುಷಾರಾಗಿರಿ. “ಎ ಫೋಟೋ ಆಫ್ ಮೈ ಪೇರೆಂಟ್ಸ್” ಅಂದರೆ ಫೋಟೋದಲ್ಲಿ ಅಪ್ಪ ಅಮ್ಮ ಇದ್ದಾರೆ. “ಎ ಫೋಟೋ ಆಫ್ ಮೈ ಪೇರೆಂಟ್ಸ್’” ಅಂದರೆ ಫೋಟೋ ಅಪ್ಪ ಅಮ್ಮನದು, ಅದರಲ್ಲಿ ತಿರುಪತಿ ಬೆಟ್ಟವೂ ಇರಬಹುದು. ಒಂದು ಚುಕ್ಕಿಯಷ್ಟು ಗುರುತಿನ ಮೇಲೆ ಅರ್ಥ ನಿಂತಿದೆ, ಕೇಳುವವರಿಗಂತೂ ಅದು ಗೊತ್ತಾಗೋದೇ ಇಲ್ಲ. ಇಂಥ ಕಡೆ ವಾಕ್ಯವನ್ನೇ ತಿರುಗಿಸಿ “ಒನ್ ಆಫ್ ಮೈ ಪೇರೆಂಟ್ಸ್’ ಫೋಟೋಸ್” ಅಂತ ಬರೆಯೋದು ಒಳ್ಳೇದು. ಇನ್ನೊಂದು ಮಾತು, ಈ ಎರಡು ಸಲದ ಒಡೆತನ ಮನುಷ್ಯರಿಗೆ ಮಾತ್ರ ಹೊಂದುತ್ತೆ. ಮೇಜಿನ ಕಾಲು, ಬಸ್ಸಿನ ಚಕ್ರ ಅಂತ ಹೇಳುವಾಗ “ಆಫ್” ಆದಮೇಲೆ ಅಪಾಸ್ಟ್ರಫಿ ಹಾಕಬೇಡಿ.

ಇನ್ನು ವಿಶೇಷಣ. ನಿಮ್ಮ “ಆಲ್ ದ ನ್ಯೂ ಸ್ಟೂಡೆಂಟ್ಸ್ ಬುಕ್ಸ್” ಉದಾಹರಣೆಗೆ ಉತ್ತರ ಸುಲಭ: “ಆಲ್ ದ ನ್ಯೂ ಸ್ಟೂಡೆಂಟ್ಸ್’ ಬುಕ್ಸ್”. ಇಂಗ್ಲಿಷಿನಲ್ಲಿ ವಿಶೇಷಣಕ್ಕೆ ಬಹುವಚನವೂ ಇಲ್ಲ, ವಿಭಕ್ತಿಯೂ ಇಲ್ಲ. ಎಷ್ಟು ವಿಶೇಷಣ ಸಾಲಾಗಿ ಬಂದರೂ ಅವು ಹಾಗೇ ಇರುತ್ತವೆ, ಅಪಾಸ್ಟ್ರಫಿ ಕೊನೆಯ ನಾಮಪದದ ತಲೆ ಮೇಲೆ ಒಂದೇ ಸಲ. “ಮೈ ಟೂ ಎಲ್ಡರ್ ಸಿಸ್ಟರ್ಸ್’ ಚಿಲ್ಡ್ರನ್” ಅಂದಾಗ “ಟೂ”ಗೂ ಏನೂ ಆಗಲಿಲ್ಲ, “ಎಲ್ಡರ್”ಗೂ ಏನೂ ಆಗಲಿಲ್ಲ. ಕನ್ನಡವೂ ಹೀಗೇ ಅಲ್ವಾ? “ನನ್ನ ಇಬ್ಬರು ಹಿರಿಯ ಅಕ್ಕಂದಿರ ಮಕ್ಕಳು” ಅಂತೀವಿ, ಷಷ್ಠಿ ಬರೋದು ಅಕ್ಕಂದಿರಿಗೆ ಮಾತ್ರ.

ನಿಜವಾದ ತೊಡಕು ಬೇರೆ ಇದೆ, ಅದು ವಿಶೇಷಣ ಯಾರಿಗೆ ಸೇರಿದ್ದು ಅನ್ನೋದು. “ದ ನ್ಯೂ ಗರ್ಲ್ಸ್’ ಕ್ಲಾಸ್‌ರೂಮ್” ಅಂತ ಬೋರ್ಡ್ ಬರೆಸಿದಿರಿ ಅಂದುಕೊಳ್ಳಿ. ಹೊಸದಾಗಿ ಸೇರಿದ ಹುಡುಗಿಯರ ಕೊಠಡಿಯೋ, ಹುಡುಗಿಯರಿಗಾಗಿ ಕಟ್ಟಿಸಿದ ಹೊಸ ಕೊಠಡಿಯೋ? ಅಪಾಸ್ಟ್ರಫಿ ಸರಿಯಾಗಿಯೇ ಇದೆ, ಆದರೂ ಅರ್ಥ ಎರಡು. ಕನ್ನಡದಲ್ಲಿ “ಹೊಸ ಹುಡುಗಿಯರ ಕೊಠಡಿ” ಅಂದರೂ ಇದೇ ಗೊಂದಲ. ಆದರೆ ನಾವು ಮಾತಾಡುವಾಗ “ಹುಡುಗಿಯರ ಹೊಸ ಕೊಠಡಿ” ಅಂತ ಸುಲಭವಾಗಿ ಪದ ಅದಲು ಬದಲು ಮಾಡಿಕೊಳ್ಳುತ್ತೀವಿ. ಇಂಗ್ಲಿಷಿನಲ್ಲೂ ಅದೇ ಮಾಡಿ: “ದ ಗರ್ಲ್ಸ್’ ನ್ಯೂ ಕ್ಲಾಸ್‌ರೂಮ್”. ವಿಶೇಷಣವನ್ನ ಅದು ಸೇರಬೇಕಾದ ನಾಮಪದದ ಪಕ್ಕ ಕೂರಿಸಿದರೆ ಗೊಂದಲ ಮುಗಿಯಿತು. ಹುಡುಗಿಯರೇ ಹೊಸಬರಾದರೆ “ದ ಕ್ಲಾಸ್‌ರೂಮ್ ಫಾರ್ ದ ನ್ಯೂ ಗರ್ಲ್ಸ್”. ನೋಡಿ, “ಫಾರ್” ಬಂದ ಕೂಡಲೇ “ಗರ್ಲ್ಸ್” ಬಲಗಡೆ ಏನೂ ಉಳಿಯಲಿಲ್ಲ, ಅಪಾಸ್ಟ್ರಫಿಯೂ ಹೋಯಿತು.

ಇದೇ ಸಾಲಿನಲ್ಲಿ ಮಕ್ಕಳು ತುಂಬಾ ಕೇಳುವ ಪ್ರಶ್ನೆ ಒಂದಿದೆ. “ಎ ವಿಮೆನ್’ಸ್ ಕಾಲೇಜ್” ಅಂತ ಯಾಕೆ, “ವಿಮೆನ್” ಬಹುವಚನ, ಅದರ ಹಿಂದೆ “ಎ” ಹೇಗೆ ಬಂತು ಅಂತ. ಪ್ರಶ್ನೆ ಚೆನ್ನಾಗಿದೆ. ಆ “ಎ” “ವಿಮೆನ್”ಗೆ ಸೇರಿದ್ದಲ್ಲ, “ಕಾಲೇಜ್”ಗೆ ಸೇರಿದ್ದು. ಕಾಲೇಜು ಒಂದೇ. “ವಿಮೆನ್’ಸ್” ಅಲ್ಲಿ ಯಾವ ಥರದ ಕಾಲೇಜು ಅಂತ ಹೇಳುತ್ತೆ ಅಷ್ಟೇ, ಇಂಥ ಹೆಂಗಸರದು ಅಂತ ಬೊಟ್ಟು ಮಾಡಿ ತೋರಿಸಲ್ಲ. “ಎ ಟೂ-ಡೇ ಟೀಚರ್ಸ್’ ವರ್ಕ್‌ಶಾಪ್” ಕೂಡ ಹೀಗೇ: “ಎ”, “ಟೂ-ಡೇ” ಎರಡೂ ಹೋಗಿ ಸೇರೋದು “ವರ್ಕ್‌ಶಾಪ್”ಗೆ. ಇದನ್ನ ಹತ್ತಿರದಿಂದ ನೋಡಬೇಕಾದರೆ “ದಿಸ್” ಮತ್ತು “ದೀಸ್” ಇಟ್ಟು ಓದಿ. “ದಿಸ್ ಗರ್ಲ್ಸ್’ ಸ್ಕೂಲ್” ಅಂದರೆ ಈ ಹೆಣ್ಣುಮಕ್ಕಳ ಶಾಲೆ, “ಈ” ಅನ್ನೋದು ಶಾಲೆಗೆ. “ದೀಸ್ ಗರ್ಲ್ಸ್’ ಸ್ಕೂಲ್” ಅಂದರೆ ಈ ಹುಡುಗಿಯರು ಓದುವ ಶಾಲೆ, ಅದರಲ್ಲಿ ಗಂಡುಮಕ್ಕಳೂ ಇರಬಹುದು. ಅಪಾಸ್ಟ್ರಫಿ ಎರಡರಲ್ಲೂ ಒಂದೇ ಜಾಗದಲ್ಲಿದೆ. ಎಡಗಡೆಯ ಪದ ಅರ್ಥ ಬದಲಾಯಿಸಿತು, ಅಪಾಸ್ಟ್ರಫಿಯನ್ನ ಮುಟ್ಟಲಿಲ್ಲ.

“ವಿಮೆನ್”, “ಮೆನ್”, “ಚಿಲ್ಡ್ರನ್”, “ಪೀಪಲ್” ಇವು ಎಸ್ ಇಲ್ಲದೆಯೇ ಬಹುವಚನ ಆದವು, ಅದಕ್ಕೇ ಇವುಗಳಿಗೆ ಅಪಾಸ್ಟ್ರಫಿ ಎಸ್‌ಗಿಂತ ಮುಂಚೆ: “ಚಿಲ್ಡ್ರನ್’ಸ್ ಡೇ”, “ಪೀಪಲ್’ಸ್ ಒಪಿನಿಯನ್”. ನವೆಂಬರ್ 14ರ ಬ್ಯಾನರ್‌ಗಳಲ್ಲಿ “ಚಿಲ್ಡ್ರನ್ಸ್’ ಡೇ” ಅಂತ ಕಾಣಿಸುತ್ತೆ, ಅದು ತಪ್ಪು, “ಚಿಲ್ಡ್ರನ್ಸ್” ಅನ್ನೋ ಬಹುವಚನವೇ ಇಲ್ಲ. “ಪೀಪಲ್ಸ್’” ಅಂತ ಬರೆದರೆ ಬೇರೆ ಬೇರೆ ಜನಾಂಗಗಳದು ಅಂತ ಆಗುತ್ತೆ. ನಮಗೆ ಅದು ಬೇಕಾಗೋದು ಅಪರೂಪ.

“ಎವ್ರಿ”, “ಈಚ್” ಬಂದಾಗ ಬಹುವಚನದ ಪ್ರಶ್ನೆಯೇ ಏಳಲ್ಲ. ಕನ್ನಡದಲ್ಲಿ “ಪ್ರತಿಯೊಬ್ಬ ವಿದ್ಯಾರ್ಥಿಯ” ಅಂತ ಏಕವಚನ ಹೇಗೋ ಹಾಗೆ “ಎವ್ರಿ ಸ್ಟೂಡೆಂಟ್’ಸ್ ಪೇರೆಂಟ್ಸ್”. ಆದರೆ “ಒನ್ ಆಫ್ ಮೈ ಸ್ಟೂಡೆಂಟ್ಸ್ ಫಾದರ್” ಅಂತ ನಮ್ಮಲ್ಲಿ ಬಹಳ ಜನ ಬರೆಯುತ್ತಾರೆ, ಅದು ಓದೋಕೆ ತೊಡಕು. ಇಲ್ಲಿ ಅಪಾಸ್ಟ್ರಫಿ ಎಲ್ಲಿಟ್ಟರೂ ಕಣ್ಣಿಗೆ ಒಗ್ಗಲ್ಲ. ಒಬ್ಬ ವಿದ್ಯಾರ್ಥಿಯ ತಂದೆ ಅನ್ನೋದು ನಿಮ್ಮ ಅರ್ಥ, “ಸ್ಟೂಡೆಂಟ್ಸ್” ಮಾತ್ರ ಬಹುವಚನ. “ದ ಫಾದರ್ ಆಫ್ ಒನ್ ಆಫ್ ಮೈ ಸ್ಟೂಡೆಂಟ್ಸ್” ಅಂತ ಬಿಡಿಸಿ ಬರೆಯಿರಿ. “ಆಫ್” ಎರಡು ಸಲ ಬಂದರೂ ತೊಂದರೆ ಇಲ್ಲ, ಅರ್ಥ ನೆಟ್ಟಗಿರುತ್ತೆ.

ಈಗ ರಜೆ ಅರ್ಜಿ. “ಆಫ್ಟರ್ ಟೂ ವೀಕ್ಸ್’ ಲೀವ್” ಅನ್ನೋದಕ್ಕೆ ಅಪಾಸ್ಟ್ರಫಿ ಬೇಕು. “ಆಫ್ಟರ್ ಟೂ ವೀಕ್ಸ್” ಅಂತ ಅಲ್ಲಿಗೇ ನಿಲ್ಲಿಸಿದರೆ ಬೇಡ. ಕಾಲದ ಮಾತುಗಳಲ್ಲಿ ಸರ್ವನಾಮದ ಪರೀಕ್ಷೆ ನಡೆಯಲ್ಲ, “ವಾರಗಳು” ಯಾವುದಕ್ಕೂ ಒಡೆಯರಲ್ಲವಲ್ಲ. ಇಲ್ಲಿ ಕನ್ನಡವೇ ನಮಗೆ ದಾರಿ ತೋರಿಸುತ್ತೆ. “ಎರಡು ವಾರದ ರಜೆ” ಅಂತೀವಿ, “ದ” ಇದೆ, ಅದರ ಬಲಕ್ಕೆ ನಾಮಪದ ಇದೆ, ಹಾಗಾಗಿ “ಟೂ ವೀಕ್ಸ್’ ಲೀವ್”. “ಹತ್ತು ವರ್ಷದ ಅನುಭವ” ಅಂದರೆ “ಟೆನ್ ಇಯರ್ಸ್’ ಎಕ್ಸ್‌ಪೀರಿಯನ್ಸ್”. “ಮೂರು ತಿಂಗಳ ಸಂಬಳ” ಅಂದರೆ “ತ್ರೀ ಮಂತ್ಸ್’ ಸ್ಯಾಲರಿ”. ಒಂದೇ ತಿಂಗಳಾದರೆ “ಒನ್ ಮಂತ್’ಸ್ ಸ್ಯಾಲರಿ”. ಅದೇ “ಎರಡು ವಾರ ತಡ” ಅಂತೀವಿ, “ದ” ಇಲ್ಲ, ಹಾಗಾಗಿ “ಟೂ ವೀಕ್ಸ್ ಲೇಟ್”, ಅಪಾಸ್ಟ್ರಫಿ ಇಲ್ಲ. “ಆರು ತಿಂಗಳು ಚಿಕ್ಕವನು”, “ಹತ್ತು ವರ್ಷ ಹಳೆಯದು”, “ಎರಡು ದಿನ ಮುಂಚೆ”, ಇವು ಯಾವುದರಲ್ಲೂ ಷಷ್ಠಿ ಇಲ್ಲ, ಇಂಗ್ಲಿಷಿನಲ್ಲೂ “ಟೆನ್ ಇಯರ್ಸ್ ಓಲ್ಡ್”, “ಟೂ ಡೇಸ್ ಅರ್ಲಿಯರ್” ಅಂತ ಬರೀ ಬಹುವಚನ. ಕಾರಣವೂ ನಾನು ಮೊದಲು ಹೇಳಿದ್ದೇ. “ಲೇಟ್”, “ಓಲ್ಡ್”, “ಅರ್ಲಿಯರ್” ನಾಮಪದಗಳಲ್ಲ, ಅವು ಯಾರಿಗೂ ಸೇರೋಕೆ ಆಗಲ್ಲ. ವಿಶೇಷಣ ಬಹುವಚನದ ಬಲಗಡೆ ಬಂದರೆ ಅಪಾಸ್ಟ್ರಫಿ ಬೇಡ ಅಂತ ಇಷ್ಟು ಧೈರ್ಯವಾಗಿ ಹೇಳಬಹುದಾದ ಜಾಗ ಇದೊಂದೇ. ಬಲಗಡೆ ವಿಶೇಷಣದ ಆಚೆ ಇನ್ನೊಂದು ನಾಮಪದ ಕಾದು ಕೂತಿದ್ದರೆ ಮಾತ್ರ ಮತ್ತೆ ಹಾಕಬೇಕು: “ಟೆನ್ ಇಯರ್ಸ್’ ಹಾರ್ಡ್ ವರ್ಕ್”, ಹತ್ತು ವರ್ಷದ ಕಠಿಣ ದುಡಿಮೆ.

ಅಪಾಸ್ಟ್ರಫಿ ಕಂಡರೆ ಭಯ ಅನ್ನೋರಿಗೆ ಇಲ್ಲಿ ಎರಡು ಬಿಡುಗಡೆಯ ದಾರಿ ಇವೆ. “ಟೆನ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್” ಅಂತ “ಆಫ್” ಹಾಕಿ. ಇಲ್ಲಾ “ಎ ಟೂ-ವೀಕ್ ಹಾಲಿಡೇ” ಅಂತ ಅಡ್ಡಗೆರೆ ಹಾಕಿ ಏಕವಚನ ಬರೆಯಿರಿ. ಅಡ್ಡಗೆರೆ ಹಾಕಿದಾಗ ಎಸ್ ಬರಬಾರದು, “ಟೂ-ವೀಕ್ಸ್ ಹಾಲಿಡೇ” ತಪ್ಪು. ದುಡ್ಡಿನ ವಿಷಯಕ್ಕೂ ಇದೇ ಲೆಕ್ಕ: ನೂರು ರೂಪಾಯಿಯ ಸಾಮಾನು ಅಂದರೆ “ಎ ಹಂಡ್ರೆಡ್ ರೂಪೀಸ್’ ವರ್ತ್ ಆಫ್ ಗೂಡ್ಸ್”.

ಬಲಗಡೆ ನಾಮಪದ ಇಲ್ಲದಿದ್ದರೂ ಅಪಾಸ್ಟ್ರಫಿ ಬರುವ ಒಂದು ಸಂದರ್ಭ ಇದೆ, ಅದನ್ನ ಹೇಳದೇ ಹೋದರೆ ನಾಳೆ ನೀವೇ ಇನ್ನೊಂದು ಪತ್ರ ಬರೆಯುತ್ತೀರಿ. ಅಲ್ಲಿ ನಾಮಪದ ಇರುತ್ತೆ, ಬಾಯಿಬಿಟ್ಟು ಹೇಳಿರಲ್ಲ. “ವಿ ಸ್ಟೇಡ್ ಅಟ್ ಮೈ ಗ್ರಾಂಡ್‌ಪೇರೆಂಟ್ಸ್’” ಅಂದರೆ ಅಜ್ಜ ಅಜ್ಜಿಯ ಮನೆಯಲ್ಲಿ, “ಹೌಸ್” ಮಾತು ಬಿಟ್ಟಿದ್ದಾರೆ. ಹೋಲಿಕೆಯಲ್ಲಿ ಇದು ಜಾಸ್ತಿ ಕಾಟ ಕೊಡುತ್ತೆ. “ಅವರ್ ಸ್ಕೂಲ್’ಸ್ ರಿಸಲ್ಟ್ಸ್ ಆರ್ ಬೆಟರ್ ದ್ಯಾನ್ ಅದರ್ ಸ್ಕೂಲ್ಸ್” ಅಂತ ಅಪಾಸ್ಟ್ರಫಿ ಇಲ್ಲದೆ ಬರೆದರೆ ನಮ್ಮ ಶಾಲೆಯ ಫಲಿತಾಂಶವನ್ನ ಬೇರೆ ಶಾಲೆಗಳ ಜೊತೆಗೇ ಹೋಲಿಸಿದಂತಾಯ್ತು. ನಿಮಗೆ ಬೇಕಾಗಿದ್ದು ಬೇರೆ ಶಾಲೆಗಳ ಫಲಿತಾಂಶ. ಹಾಗಾಗಿ “ದ್ಯಾನ್ ಅದರ್ ಸ್ಕೂಲ್ಸ್’”. ಕನ್ನಡದಲ್ಲಿ “ಬೇರೆ ಶಾಲೆಗಳದ್ದಕ್ಕಿಂತ” ಅಂತೀವಿ, ಆ “ದ್ದು” ಇದ್ದಲ್ಲಿ ಅಪಾಸ್ಟ್ರಫಿ ಬೇಕು. ಸರ್ವನಾಮದ ಪರೀಕ್ಷೆಗೆ ಮೂರನೇ ಪದ ಸೇರಿಸಿಕೊಳ್ಳಿ, “ದೇರ್ಸ್”. “ಬೆಟರ್ ದ್ಯಾನ್ ದೇರ್ಸ್” ಹೊಂದುತ್ತೆ, ಬೇಕು. ಪ್ರಗತಿ ವರದಿ, ಪ್ರಶಸ್ತಿಯ ಅರ್ಜಿ ಇಂಥ ಕಡೆ ಈ ಗುರುತು ಬಿಟ್ಟುಹೋಗಿರುತ್ತೆ, ಒಮ್ಮೆ ಹುಡುಕಿ ನೋಡಿ.

“ಅದರ್” ಬಂತಲ್ಲ, ಅದನ್ನೂ ಮುಗಿಸಿಬಿಡೋಣ. “ಅದರ್” ವಿಶೇಷಣವಾಗಿ ಬಂದರೆ ಬದಲಾಗಲ್ಲ, “ಅದರ್ ಸ್ಟೂಡೆಂಟ್ಸ್’ ನೋಟ್‌ಬುಕ್ಸ್”. ಅದೇ ನಾಮಪದವಾಗಿ, “ಇತರರು” ಅನ್ನೋ ಅರ್ಥದಲ್ಲಿ ಬಂದರೆ “ಅದರ್ಸ್’ ನೋಟ್‌ಬುಕ್ಸ್”. “ಈಚ್ ಅದರ್’ಸ್” ಮಾತ್ರ ಯಾವಾಗಲೂ ಹೀಗೇ, ಎಸ್‌ಗಿಂತ ಮುಂಚೆ, ಎಷ್ಟು ಜನ ಇದ್ದರೂ.

ವಿಶೇಷಣವೇ ನಾಮಪದದ ಕೆಲಸ ಮಾಡುವ ಇನ್ನೊಂದು ಗುಂಪು ಇದೆ. “ದ ಪೂರ್” ಅಂದರೆ ಬಡವರು, “ದ ಬ್ಲೈಂಡ್” ಅಂದರೆ ಕಣ್ಣು ಕಾಣದವರು. ಅರ್ಥದಲ್ಲಿ ಬಹುವಚನ, ಆದರೆ ಎಸ್ ಬರಲ್ಲ. ಇವಕ್ಕೆ ಅಪಾಸ್ಟ್ರಫಿ ಹಚ್ಚಿ “ದ ಪೂರ್’ಸ್ ಪ್ರಾಬ್ಲಮ್ಸ್” ಅಂತ ಬರೆಯಬೇಡಿ, ಇಂಗ್ಲಿಷ್ ಅದನ್ನ ಒಪ್ಪಿಕೊಳ್ಳೋದು ಕಷ್ಟ. “ದ ಪ್ರಾಬ್ಲಮ್ಸ್ ಆಫ್ ದ ಪೂರ್” ಅನ್ನಿ, ಇಲ್ಲಾ “ಪೂರ್ ಪೀಪಲ್’ಸ್ ಪ್ರಾಬ್ಲಮ್ಸ್” ಅನ್ನಿ.

ಕನ್ನಡದವರೇ ಬೀಳುವ ಇನ್ನೊಂದು ಹಳ್ಳ, ಗೌರವದ ಬಹುವಚನ. “ಹೆಗಡೆಯವರ ಮನೆ”, “ಹೆಡ್‌ಮೇಷ್ಟರ ಆದೇಶ” ಅಂತೀವಿ. ರೂಪ ಬಹುವಚನದ್ದು, ಮನುಷ್ಯ ಒಬ್ಬರೇ. ಇಂಗ್ಲಿಷಿಗೆ ಆ ಗೌರವ ಹೀಗೆ ತೋರಿಸೋದು ಗೊತ್ತಿಲ್ಲ. “ಮಿಸ್ಟರ್ ಹೆಗಡೆ’ಸ್ ಹೌಸ್”, “ದ ಹೆಡ್‌ಮಾಸ್ಟರ್’ಸ್ ಆರ್ಡರ್” ಅಂತ ಏಕವಚನವೇ ಬರೆಯಬೇಕು. “ದ ಹೆಡ್‌ಮಾಸ್ಟರ್ಸ್’ ಆರ್ಡರ್” ಅಂದರೆ ನಿಮ್ಮ ಶಾಲೆಗೆ ಹಲವು ಮುಖ್ಯೋಪಾಧ್ಯಾಯರು ಅಂತ ಆಗುತ್ತೆ. “ದ ಹೆಗಡೆಸ್’ ಹೌಸ್” ಕೂಡ ತಪ್ಪೇನಲ್ಲ, ಆದರೆ ಅದರ ಅರ್ಥ ಹೆಗಡೆ ಮನೆತನದವರೆಲ್ಲರ ಮನೆ.

ಇಷ್ಟೊಂದು ಗೊಂದಲ ಯಾಕೆ ಅಂತ ಬೇಸರ ಮಾಡಿಕೊಳ್ಳಬೇಡಿ, ಈ ಗುರುತು ಇಂಗ್ಲಿಷಿಗೂ ತೀರಾ ಹಳೆಯದೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ಷಷ್ಠಿಗೆ ಪ್ರತ್ಯಯಗಳೇ ಇದ್ದವು, ಅಪಾಸ್ಟ್ರಫಿ ಇರಲಿಲ್ಲ. 16ನೇ ಶತಮಾನದಲ್ಲಿ ಫ್ರೆಂಚರನ್ನ ನೋಡಿ ಅದು ಇಂಗ್ಲಿಷಿಗೆ ಬಂತು, ಅದೂ ಬಿಟ್ಟುಹೋದ ಅಕ್ಷರವನ್ನ ತೋರಿಸೋಕೆ. ಒಡೆತನಕ್ಕೆ ಅದು ಬಳಕೆಯಾಗಿದ್ದು ನಿಧಾನವಾಗಿ. ಬಹುವಚನದ ಎಸ್ ಆದಮೇಲೆ ಬರೀ ಅಪಾಸ್ಟ್ರಫಿ ಹಾಕುವ ಈಗಿನ ಪದ್ಧತಿ ಗಟ್ಟಿಯಾಗಿ ನೆಲೆನಿಂತಿದ್ದು 19ನೇ ಶತಮಾನದಲ್ಲಿ.

ಕೊನೆಯದಾಗಿ ಹೆಸರುಗಳು, ಇಲ್ಲಿ ವ್ಯಾಕರಣಕ್ಕಿಂತ ಇಟ್ಟವರ ಮಾತೇ ಮುಖ್ಯ. ಕೇಂಬ್ರಿಜ್‌ನಲ್ಲಿ “ಕ್ವೀನ್ಸ್’ ಕಾಲೇಜ್” ಇದೆ, ಎಸ್ ಆದಮೇಲೆ ಅಪಾಸ್ಟ್ರಫಿ, ಯಾಕಂದ್ರೆ ಅದಕ್ಕೆ ಇಬ್ಬರು ರಾಣಿಯರು: 1448ರಲ್ಲಿ ಆಂಜೂವಿನ ಮಾರ್ಗರೆಟ್, 1465ರಲ್ಲಿ ಎಲಿಜಬೆತ್ ವುಡ್‌ವಿಲ್. ಆಕ್ಸ್‌ಫರ್ಡ್‌ನಲ್ಲಿ 1341ರ “ಕ್ವೀನ್’ಸ್ ಕಾಲೇಜ್” ಒಬ್ಬಳೇ ರಾಣಿ ಫಿಲಿಪಾಳ ಗೌರವಕ್ಕೆ ಇಟ್ಟಿದ್ದು, ಅಲ್ಲಿ ಎಸ್‌ಗಿಂತ ಮುಂಚೆ. ನಮ್ಮ ಬೆಂಗಳೂರಿನ “ಸೇಂಟ್ ಜೋಸೆಫ್’ಸ್ ಬಾಯ್ಸ್’ ಹೈಸ್ಕೂಲ್” ಹೆಸರಿನಲ್ಲಿ ಎರಡೂ ಇವೆ, ಸಂತ ಒಬ್ಬ, ಹುಡುಗರು ಹಲವರು. ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಪಾಠ ಮಾಡಿದ ಮೈಸೂರಿನ “ಮಹಾರಾಜ’ಸ್ ಕಾಲೇಜ್” ಏಕವಚನ, ಅವರ ಹುಟ್ಟುಹಬ್ಬದ ದಿನ ಆಚರಿಸುವ “ಟೀಚರ್ಸ್’ ಡೇ” ಬಹುವಚನ. “ಮದರ್’ಸ್ ಡೇ” ಮತ್ತೆ ಏಕವಚನ. ಅಮೆರಿಕದಲ್ಲಿ ಆ ದಿನಕ್ಕಾಗಿ ಹೋರಾಡಿದ ಆ್ಯನಾ ಜಾರ್ವಿಸ್ ಅವರೇ ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನ ನೆನೆಯಲಿ ಅಂತ ಹಾಗೆ ಬರೆಯಬೇಕು ಅಂದಿದ್ದರು. ಅದೇ ದೇಶದ “ವೆಟರನ್ಸ್ ಡೇ”ಗೆ ಸರ್ಕಾರಿ ಹೆಸರಿನಲ್ಲಿ ಅಪಾಸ್ಟ್ರಫಿಯೇ ಇಲ್ಲ. ಲಂಡನ್ ಮೆಟ್ರೋದಲ್ಲಿ “ಅರ್ಲ್’ಸ್ ಕೋರ್ಟ್” ನಿಲ್ದಾಣಕ್ಕೆ ಇದೆ, ಹತ್ತಿರದ “ಬ್ಯಾರನ್ಸ್ ಕೋರ್ಟ್”ಗೆ ಇಲ್ಲ. ಅಮೆರಿಕದ ಸ್ಥಳನಾಮಗಳ ಮಂಡಳಿಯಂತೂ 1890ರಲ್ಲಿ ಶುರುವಾದಾಗಿನಿಂದ ಊರು ಬೆಟ್ಟಗಳ ಹೆಸರಿನಲ್ಲಿ ಒಡೆತನದ ಅಪಾಸ್ಟ್ರಫಿಯನ್ನ ದೂರ ಇಟ್ಟಿದೆ, ಮಾರ್ಥಾ’ಸ್ ವಿನ್ಯರ್ಡ್ ಥರದ ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ರಿಯಾಯಿತಿ. ಹಾಗಾಗಿ ಬೇರೆ ಸಂಸ್ಥೆಗೆ ಪತ್ರ ಬರೆಯುವಾಗ ಅವರ ಹೆಸರನ್ನ ತಿದ್ದೋಕೆ ಹೋಗಬೇಡಿ, ಲೆಟರ್‌ಹೆಡ್‌ನಲ್ಲಿ ಹೇಗಿದೆಯೋ ಹಾಗೇ ಇಳಿಸಿಕೊಳ್ಳಿ, ಅಪಾಸ್ಟ್ರಫಿ ಇದ್ದರೂ, ಇಲ್ಲದಿದ್ದರೂ.